ಋಣದ ಗುಳಿಗೆ

2004ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರ ಎಚ್‌ಐವಿಗೆ ಪುಕ್ಕಟೆ ಗುಳಿಗೆ ಕೊಡಲು ಶುರುಮಾಡಿತು. ಹಾಸಿಗೆ ಹಿಡಿದಿದ್ದವರು ಎದ್ದು ಕೂಲಿಗೆ ಹೋದರು. ಸಣ್ಣ ಮಾತಲ್ಲ ಇದು. ಆದರೆ ಆ ದಿನಗಳ ಗುಳಿಗೆಯಲ್ಲಿದ್ದ ಸ್ಟಾವುಡಿನ್ ಹಲವರ ಕೆನ್ನೆಯ ಕೊಬ್ಬು ಕರಗಿಸಿತು, ಪಾದಕ್ಕೆ ಉರಿ ಹಚ್ಚಿತು. ಮುಚ್ಚಿಟ್ಟ ಕಾಯಿಲೆಯನ್ನು ಗುಳಿಬಿದ್ದ ಮುಖವೇ ಊರಿಗೆ ಸಾರಿತು. ಅದನ್ನು ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ.

ಈಗ ಡೊಲುಟೆಗ್ರಾವಿರ್ ಬೆರೆತ ಗುಳಿಗೆ, ದಿನಕ್ಕೊಂದು. ವೈರಸ್ಸನ್ನು ಬೇಗ ತಗ್ಗಿಸುತ್ತದೆ. ವೈರಸ್ಸು ಅದಕ್ಕೆ ಒಗ್ಗಿ ತಪ್ಪಿಸಿಕೊಳ್ಳುವುದೂ ಕಷ್ಟ. ಬದಲಾಯಿಸುವುದು ಒಳ್ಳೆಯದೇ ಅಂತೀನಿ ನಾನು. ಕೆಲವರಿಗೆ ನಿದ್ದೆ ಕೆಡುತ್ತೆ, ತೂಕ ಏರುತ್ತೆ, ಅದನ್ನೂ ಹೇಳಬೇಕು. ಹದಿನೈದು ವರ್ಷ ಗುಳಿಗೆ ನುಂಗಿ ಬದುಕಿದವಳು "ಚೆನ್ನಾಗೇ ಇದೀನಲ್ಲ ಸಾರ್, ಯಾಕ್ ಬದಲಾಯಿಸ್ತೀರಿ?" ಅಂದರೆ ಮೊಂಡುತನವೇ? ಹಳೇ ಗುಳಿಗೆ ಕಲಿಸಿದ ಪಾಠ ಅದು. "ಬಿಟ್ಟಿ ಕೊಡ್ತಿಲ್ವೇನು, ನುಂಗು" ಅನ್ನುವ ದನಿ ನಮ್ಮ ಕೇರಿಗೆ ಹೊಸದಲ್ಲ. ಜೀತಕ್ಕಿಟ್ಟುಕೊಂಡ ಧಣಿಯೂ ಋಣದ ಮಾತನ್ನೇ ಆಡಿದ್ದ. ಜೀವ ಉಳಿಸಿದ್ದಕ್ಕೆ ಬಾಯಿಯನ್ನು ಒತ್ತೆಯಿಡಬೇಕೆ? ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಚಿಕಿತ್ಸೆ ಕೊಡಕೂಡದು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಸಾಲು ಉದ್ದ ಇದೆ, ಪುರಸೊತ್ತಿಲ್ಲ ಅಂತಾರೆ. ಆಕೆಯೂ ಒಂದು ದಿನದ ಕೂಲಿ ಬಿಟ್ಟೇ ಆ ಸಾಲಲ್ಲಿ ನಿಂತಿದ್ದಾಳೆ.