ಕೂಲಿಯಿಲ್ಲದ ಆಟವೂ ಪರರ ಮೈದಾನವೂ



ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಒಂಭತ್ತನೆಯ ಅಧ್ಯಾಯದಲ್ಲಿ ಎರಡು ಸಂಗತಿಗಳು ಒಂದರ ಮಗ್ಗುಲಲ್ಲಿ ಒಂದು ನಿಂತಿರುವದನ್ನು ಗಮನಿಸಿದ್ದೀರೋ? ಮೊದಲು ಅವನು ತಾನು ಅವರಿಂದ ಸಂಬಳ ತಕ್ಕೊಳ್ಳದೆ ಸುವಾರ್ತೆಯನ್ನು ಸಾರಿದ ವಿಷಯವನ್ನು ಹೇಳುತ್ತಾನೆ. ಆಮೇಲೆ ಪಂದ್ಯದಲ್ಲಿ ಓಡುವವರ ಮಾತನ್ನು ಎತ್ತುತ್ತಾನೆ. ಕೊರಿಂಥದ ಸಮೀಪದಲ್ಲಿ ಎರಡು ವರುಷಕ್ಕೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಬಾಡಿಹೋಗುವ ಎಲೆಗಳ ಕಿರೀಟವನ್ನು ಇಡುತ್ತಿದ್ದರು. ಹೀಗಿರಲಾಗಿ, ಸಂಬಳವಿಲ್ಲದೆ ಆಡುವವರ ಕುರಿತು ಸ್ವಲ್ಪ ಯೋಚಿಸುವದು ಈ ಅಧ್ಯಾಯಕ್ಕೆ ಹೊರತಾದದ್ದಲ್ಲ. ಈ ಸಾರಿ ಸ್ಕಾಟ್ಲೆಂಡ್ ದೇಶದ ಒಂದು ಕಾಲ್ಚೆಂಡಿನ ಸಂಘದ ವೃತ್ತಾಂತವನ್ನು ತೆಗೆದುಕೊಳ್ಳೋಣ.

ಗ್ಲಾಸ್ಗೋ ಪಟ್ಟಣದಲ್ಲಿ 1867ನೆಯ ಇಸವಿ ಜುಲೈ 9ರ ರಾತ್ರಿ ಕೆಲವರು ಎಗ್ಲಿಂಟನ್ ಟೆರೇಸಿನ ಒಂದು ಮನೆಯಲ್ಲಿ ಕೂಡಿ ಕ್ವೀನ್ಸ್ ಪಾರ್ಕ್ ಎಂಬ ಸಂಘವನ್ನು ಸ್ಥಾಪಿಸಿದರು. ಅದರ ಆರಂಭದಲ್ಲಿ ಕ್ರೈಸ್ತ ಯುವಕರ ಸಂಘದವರೂ ಇದ್ದರೆಂದು ಹೇಳುವದುಂಟು. ಆಟಕ್ಕೋಸ್ಕರವೇ ಆಡುವದು ಎಂಬರ್ಥದ ಲತೀನ್ ಮಾತು ಅವರ ಧ್ಯೇಯವಾಯಿತು. 1872ನೆಯ ನವೆಂಬರ್ 30ರಂದು ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಈ ಒಂದೇ ಸಂಘದವರು. ಎದುರಾಳಿಗಳು ಮೈಭಾರದಲ್ಲಿ ಇವರಿಗಿಂತ ದೊಡ್ಡವರು. ಆದರೂ ಯಾರೂ ಗೋಲು ಹೊಡೆಯದೆ ಪಂದ್ಯವು ಸರಿಸಮವಾಗಿ ಮುಗಿಯಿತು. ಒಬ್ಬನೇ ಚೆಂಡನ್ನು ಇಟ್ಟುಕೊಂಡು ಓಡುವ ಕಾಲದಲ್ಲಿ ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುವ ರೀತಿಯನ್ನು ಬೆಳೆಸಿದವರಲ್ಲಿ ಇವರು ಮುಖ್ಯರು. ಸ್ಕಾಟ್ಲೆಂಡಿನಲ್ಲಿ 1893ರಲ್ಲಿ ಆಟಗಾರರಿಗೆ ಸಂಬಳ ಕೊಡುವದಕ್ಕೆ ಅಪ್ಪಣೆಯಾದ ಮೇಲೆಯೂ ಇವರು ಸಂಬಳವಿಲ್ಲದೆಯೇ ಆಡಿದರು. 1900ರಲ್ಲಿ ಲೀಗಿಗೆ ಸೇರಿ, ಸಂಬಳದವರ ನಡುವೆ ಸಂಬಳವಿಲ್ಲದವರಾಗಿ ನೂರಕ್ಕೂ ಹೆಚ್ಚು ವರುಷ ಉಳಿದರು.

ಲೀಗ್ ಎಂದರೇನೆಂದು ಕೇಳುವವರಿಗೆ ಎರಡು ಮಾತು. ಅದರಲ್ಲಿ ಒಂದು ಸಾರಿ ಸೋತ ತಂಡವು ಹೊರಗೆ ಬೀಳುವದಿಲ್ಲ. ಒಂದೊಂದು ತಂಡವು ತನ್ನ ಮೈದಾನದಲ್ಲಿ ಎಷ್ಟು ಸಾರಿಯೋ ಪರರ ಮೈದಾನದಲ್ಲಿಯೂ ಅಷ್ಟೇ ಸಾರಿ ಆಡಬೇಕು. ಗೆದ್ದರೆ ಮೂರು ಅಂಕ, ಸರಿಸಮವಾದರೆ ಒಂದು, ಸೋತರೆ ಏನೂ ಇಲ್ಲ. ವರುಷದ ಕಡೆಯಲ್ಲಿ ಎಲ್ಲವನ್ನು ಕೂಡಿಸಿ ಸ್ಥಾನವನ್ನು ನಿರ್ಣಯಿಸುತ್ತಾರೆ.

2012ರಲ್ಲಿ ರೇಂಜರ್ಸ್ ಎಂಬ ಪ್ರಸಿದ್ಧ ತಂಡವನ್ನು ನಡಿಸುತ್ತಿದ್ದ ಕಂಪೆನಿಯು ಸಾಲದಲ್ಲಿ ಮುಳುಗಿದ್ದರಿಂದ, ಆ ತಂಡವು ಅತಿ ಕೆಳಗಿನ ವರ್ಗದಿಂದ ಪುನಃ ಆರಂಭಿಸಬೇಕಾಯಿತು. ಕ್ವೀನ್ಸ್ ಪಾರ್ಕಿನವರು ಅದೇ ವರ್ಗದಲ್ಲಿ ಆಡುತ್ತಿದ್ದರು. ಹಾಗಾಗಿ ಆ ವರುಷದ ಅಕ್ಟೋಬರ್ 20ರಂದು ಇವರು ರೇಂಜರ್ಸ್ ತಂಡದ ಐಬ್ರಾಕ್ಸ್ ಮೈದಾನಕ್ಕೆ ಹೋದರು. ಆಗ ಇವರ ಸ್ವಂತದ್ದಾಗಿದ್ದ ಹಂಪ್ಡನ್ ಮೈದಾನದಲ್ಲಿ ಐವತ್ತು ಸಾವಿರ ಜನರಿಗೆ ಸ್ಥಳವಿದ್ದರೂ ವಾಡಿಕೆಯಾಗಿ ಇವರ ಆಟ ನೋಡಲು ಬರುತ್ತಿದ್ದವರು ಕೆಲವು ನೂರು ಮಂದಿ. ಆ ದಿನವಾದರೋ 49,000ಕ್ಕೂ ಮಿಕ್ಕಿದ ಜನರು ಕೂಡಿದ್ದರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಎದುರಾಳಿಗಳ ಪಕ್ಷದವರು. ಕ್ವೀನ್ಸ್ ಪಾರ್ಕಿನವರು ಸೋತರು. ಇದರಿಂದ ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು: ಕೂಲಿಯಿಲ್ಲದ ಕೆಲಸವು ಸಡಿಲವಾದ ಕೆಲಸವಲ್ಲ. ಸಂಬಳವಿಲ್ಲದವರು ಬಂದರೆಂದು ಐಬ್ರಾಕ್ಸಿನಲ್ಲಿ ಗೋಲಿನ ಕಂಬಗಳನ್ನು ಹತ್ತಿರಕ್ಕೆ ತಂದು ನೆಡಲಿಲ್ಲ; ತೊಂಭತ್ತು ನಿಮಿಷಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಹಗಲು ಬೇರೆ ಕೆಲಸವನ್ನೋ ಓದನ್ನೋ ಮುಗಿಸಿ ಸಂಜೆಯಲ್ಲಿ ಅಭ್ಯಾಸ ಮಾಡಿದವರು, ಆಟವನ್ನೇ ಉದ್ಯೋಗವಾಗಿ ಮಾಡಿಕೊಂಡವರ ಎದುರಿಗೆ ಅದೇ ನಿಯಮಕ್ಕೆ ಒಳಪಟ್ಟು ನಿಂತರು. ನಮ್ಮ ಸಭೆಗಳಲ್ಲಿಯೋ, ಭಾನುವಾರದ ಶಾಲೆಗೆ ಪಾಠ ಓದಿಕೊಳ್ಳದೆ ಬಂದವನು, ಲೆಕ್ಕದ ಪುಸ್ತಕವನ್ನು ಮೂರು ತಿಂಗಳು ಬರೆಯದೆ ಇಟ್ಟವನು, ನನಗೇನು ಸಂಬಳ ಕೊಡುತ್ತೀರೋ ಎಂದು ಕೇಳುವದುಂಟು. ಸಂಬಳವಿಲ್ಲ, ನಿಜ. ಆದರೆ ಎದುರಿಗೆ ಕೂತ ಮಗುವಿಗೆ ಬೇಕಾದದ್ದು ಅರ್ಧ ಪಾಠವಲ್ಲ.

ಎರಡನೆಯದು: ಪರರ ಮೈದಾನದಲ್ಲಿಯೂ ಗೆರೆಗಳು ಒಂದೇ. ಐಬ್ರಾಕ್ಸ್ ಹಂಪ್ಡನಿನಿಂದ ದೂರವಲ್ಲ, ಎರಡೂ ಒಂದೇ ಪಟ್ಟಣದಲ್ಲಿವೆ. ಆದರೆ ಅದೇ ಲೀಗಿಗೋಸ್ಕರ ಇವರು ಈಶಾನ್ಯ ದಿಕ್ಕಿನ ಎಲ್ಗಿನ್ ಊರಿಗೂ, ಮೀನುಗಾರರ ರೇವಾದ ಪೀಟರ್‌ಹೆಡ್ಡಿಗೂ, ಗಡಿಯನ್ನು ದಾಟಿ ಇಂಗ್ಲೆಂಡಿಗೆ ಸೇರಿದ ಬೆರಿಕ್ ಊರಿಗೂ ಹೋಗಬೇಕಾಗಿತ್ತು. ಅಲ್ಲಿ ಹುರಿದುಂಬಿಸುವ ಕೂಗು ಇವರದಲ್ಲ. ಚೆಂಡು ಮಾತ್ರ ಅದೇ, ನಿಯಮವೂ ಅದೇ. ನಮ್ಮ ಹಳ್ಳಿಯಿಂದ ಪಟ್ಟಣದ ಕಾರಖಾನೆಗೆ ಹೋದ ಹುಡುಗನನ್ನೂ, ಪರವೂರಿಗೆ ಸೊಸೆಯಾಗಿ ಹೋದ ಮಗಳನ್ನೂ ನೆನಸಿರಿ. ಇಲ್ಲಿ ಹಿರಿಯರ ಕಣ್ಣು ಇತ್ತು, ಕೂಡಿ ಹಾಡುವ ಧ್ವನಿಯಿತ್ತು. ಅಲ್ಲಿ ಯಾರೂ ನೋಡುವದಿಲ್ಲ, ನೋಡಿದರೂ ಹೊಗಳುವದಿಲ್ಲ. ಮನೆಯ ಅಂಗಳದಲ್ಲಿ ಮಾತ್ರ ನೆಟ್ಟಗೆ ನಡೆಯುವವನು ಅರ್ಧ ಲೀಗನ್ನೇ ಆಡಿದವನು.

ಮತ್ತು ಸೋತ ದಿನದ ಮಾತನ್ನೂ ಹೇಳಬೇಕು. ಆ ವರ್ಗದಲ್ಲಿ ಒಂದೊಂದು ತಂಡಕ್ಕೆ ವರುಷಕ್ಕೆ 36 ಪಂದ್ಯಗಳು; ಅವುಗಳಲ್ಲಿ 18 ಪರರ ಮೈದಾನದಲ್ಲಿ. ಐಬ್ರಾಕ್ಸಿನಲ್ಲಿ ಸೋತವರು ಮತ್ತೆ ಮುಂದಿನ ಪಂದ್ಯಕ್ಕೆ ಪಾದರಕ್ಷೆ ಕಟ್ಟಿದರು. ವರುಷದ ಕಡೆಯಲ್ಲಿ ಹತ್ತು ತಂಡಗಳೊಳಗೆ ಮೂರನೆಯ ಸ್ಥಾನದಲ್ಲಿ ನಿಂತರು. ಒಂದು ಸೋಲು ಎಲ್ಲವನ್ನೂ ತೀರಿಸಿಬಿಡಲಿಲ್ಲ. ಒಮ್ಮೆ ಬಿದ್ದೆನೆಂದು ಸಭೆಯಿಂದ ದೂರವಾಗಿ ಮನೆಯಲ್ಲಿ ಕೂತಿರುವ ಸಹೋದರನೇ, ಇದನ್ನು ನಿನಗೋಸ್ಕರ ಬರೆದಿದೆ ಎಂದು ತಿಳಿದುಕೋ.

ಆ ವರುಷದ ತಂಡದಲ್ಲಿ ಆಂಡ್ರೂ ರಾಬರ್ಟ್ಸನ್ ಎಂಬ ಯುವಕನಿದ್ದನು. ಅವನು 2018ರಲ್ಲಿ ಸ್ಕಾಟ್ಲೆಂಡಿನ ನಾಯಕನಾದನು. 2019ರಲ್ಲಿ ಲಿವರ್‌ಪೂಲ್ ತಂಡದೊಂದಿಗೆ ಯೂರೋಪಿನ ಅತಿ ದೊಡ್ಡ ಬಹುಮಾನವನ್ನು ಹೊಂದಿದನು. ಇದನ್ನು ಕೇಳಿ, ಕೂಲಿಯಿಲ್ಲದೆ ದುಡಿದರೆ ಮುಂದೆ ದೊಡ್ಡ ಕೂಲಿ ಬರುವದೆಂದು ಯಾರೂ ಲೆಕ್ಕ ಹಾಕಬೇಡಿರಿ. ಆ ಮೈದಾನದಲ್ಲಿ ಅವನೊಂದಿಗೆ ಆಡಿ, ಅಂಥ ಹೆಸರನ್ನು ಪಡೆಯದೆ ಹೋದವರ ಓಟವೂ ವ್ಯರ್ಥವಾದದ್ದಲ್ಲ.

ಮೂರನೆಯದು: ಸಂಬಳವಿಲ್ಲದವನು ಹೆಮ್ಮೆಪಡಬಾರದು. 2019ರ ನವೆಂಬರಿನಲ್ಲಿ ಕ್ವೀನ್ಸ್ ಪಾರ್ಕಿನ ಸದಸ್ಯರೇ ಮತ ಕೊಟ್ಟು, 152 ವರುಷಗಳ ಪದ್ಧತಿಯನ್ನು ಬಿಟ್ಟು ಆಟಗಾರರಿಗೆ ಸಂಬಳ ಕೊಡಲು ನಿಶ್ಚಯಿಸಿದರು. ಕೆಲವರಿಗೆ ಇದು ದುಃಖವಾದರೂ, ಇದನ್ನು ಪತನವೆಂದು ಹೇಳತಕ್ಕದ್ದಲ್ಲ. ಯಾಕಂದರೆ ಸಂಬಳವಿಲ್ಲದೆ ಆಡುವದು ಹಿಂದಿನ ಕಾಲದಲ್ಲಿ ಅನುಕೂಲಸ್ಥರಿಗೆ ಸುಲಭ. ದಿನಗೂಲಿಯ ಬಡವನು ಆಟಕ್ಕಾಗಿ ಅರ್ಧ ದಿನ ಬಿಟ್ಟರೆ ಅವನ ಮಕ್ಕಳ ರೊಟ್ಟಿಯೇ ಕಡಿಮೆಯಾಗುತ್ತಿತ್ತು. ಪೌಲನೂ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಗುಡಾರ ಮಾಡುವ ಕಸುಬಿನಿಂದ ಕೊರಿಂಥದಲ್ಲಿ ಬದುಕಿದನು. ಆದರೂ ದುಡಿಯುವವನಿಗೆ ಸಂಬಳದ ಹಕ್ಕುಂಟೆಂದು ಅದೇ ಅಧ್ಯಾಯದಲ್ಲಿ ಬಲವಾಗಿ ವಾದಿಸಿದನು. ತನ್ನ ಹಕ್ಕನ್ನು ತಾನು ಬಿಡಬಹುದು. ಪರರ ಹಕ್ಕನ್ನು ಬಿಡಿಸುವದು ತ್ಯಾಗವಲ್ಲ. ಸಂಬಳ ತಕ್ಕೊಳ್ಳುವವನು ಪ್ರೀತಿಯಿಂದ ಆಡಬಹುದು. ಸಂಬಳವಿಲ್ಲದವನು ಹೊಗಳಿಕೆ ಎಂಬ ಸಂಬಳಕ್ಕೆ ಆಡಬಹುದು. ಹೃದಯವನ್ನು ನೋಡುವಾತನು ಎರಡನ್ನೂ ಬಲ್ಲನು.

ಆದದರಿಂದ ಪ್ರಿಯರೇ, ದೀಪಕ್ಕೆ ಎಣ್ಣೆ ಹಾಕುವವರೇ, ಜಗಲಿ ಗುಡಿಸುವವರೇ, ದೂರದ ಊರಿನಲ್ಲಿ ಒಂಟಿಯಾಗಿ ಪ್ರಾರ್ಥಿಸುವವರೇ, ಮುಂದಿನ ಪಂದ್ಯಕ್ಕೆ ಏಳಿರಿ. ಚೆಂಡನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳದೆ ಸಂಗಡಿಗನಿಗೆ ದಾಟಿಸಿರಿ. ಕೂಗು ಯಾರದಾದರೂ ಇರಲಿ, ಗೆರೆಯನ್ನು ಮೀರಬೇಡಿರಿ. ಕಡೆಯ ಸೀಟಿ ಊದುವ ತನಕ ಓಡುವ ಬಲವನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.