ನೋಡು ಅಂದ್ರು, ಇಟ್ಕೋ ಅನ್ನಲಿಲ್ಲ

ಊರವರು ಮೇಲ್‌ನಲ್ಲಿ ಕಳಿಸುವ ಕಾಗದಪತ್ರ ನಮ್ಮ ಫೋನಿನಲ್ಲಿ ಎಷ್ಟು ದಿನ ಇರಬಹುದು? ನಿಂಬರ್ಗಾದ ಝೆರಾಕ್ಸ್ ಅಂಗಡಿಯಿಂದ "ತಮ್ಮಾ, ಸ್ವಲ್ಪ ನೋಡು" ಅಂತ ನನಗೆ ಪಹಣಿ, ಆಧಾರ್, ಪಾಸ್‌ಬುಕ್ ಬರ್ತಾನೇ ಇರ್ತವೆ. ಪಹಣಿ ಬಿಡಿ, ಭೂಮಿ ಜಾಲತಾಣದಲ್ಲಿ ಯಾರು ಬೇಕಾದ್ರೂ ನೋಡಬಹುದು. ಆಧಾರ್ ಹಾಗಲ್ಲ.

ಅಟ್ಯಾಚ್‌ಮೆಂಟ್ ಬರೀ ತೆರೆದರೆ ಸಾಮಾನ್ಯವಾಗಿ ಒಂದು ತಾತ್ಕಾಲಿಕ ಪ್ರತಿ ಆ್ಯಪ್‌ನ ಕ್ಯಾಶ್‌ನಲ್ಲಿ ಕೂರುತ್ತದೆ. ಜಾಗ ಸಾಲದಿದ್ದರೆ ಫೋನೇ ಅದನ್ನು ತೆಗೆದುಹಾಕುತ್ತದೆ. ಡೌನ್‌ಲೋಡ್ ಒತ್ತಿದರೆ ಮಾತು ಬೇರೆ. ಮೇಲ್ ಅಳಿಸಿದರೂ ಆ ಪ್ರತಿ ಉಳಿಯುತ್ತದೆ. ಅದನ್ನು ಇಟ್ಟುಕೊಂಡವನು ನಾನು.

ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರಿ. ಇಂಗ್ಲಿಷ್ ಹೆಸರಿನ ಮೊದಲ 4 ಅಕ್ಷರ, ಮುಂದೆ ಹುಟ್ಟಿದ ಇಸವಿ. ಅಂಗಡಿಯವ ಪಾಪ, ಅದನ್ನೂ ಅದೇ ಮೇಲ್‌ನಲ್ಲಿ ಬರೆದಿರ್ತಾನೆ!

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ ಮತ್ತು ಮನೆಮಟ್ಟಿನ ಬಳಕೆಯನ್ನು ಹೊರಗಿಟ್ಟಿದೆ. ಕಾಕಾನ ಆಧಾರ್ ನನ್ನ ಡೌನ್‌ಲೋಡ್ಸ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಆ ಕಾಯ್ದೆ ನನ್ನನ್ನು ಕೇಳೋದಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಆರು ತಿಂಗಳಿಗೆ ಅವರೇ ಫೋನ್ ಮಾಡಿ "ಆ ಕಾಗದ ಐತೇನು?" ಅಂತಾರೆ. ಅಳಿಸಿದೆ ಅಂದ್ರೆ ಕಾಳಜಿ ಇಲ್ಲದವನು ಅನ್ನಿಸಿಕೊಳ್ತೀವಿ. ಆದ್ರೂ ಕಾಳಜಿಯ ಹೆಸರಲ್ಲಿ ಕೇಳದೇ ಇಟ್ಟುಕೊಳ್ಳೋದು ನನಗೆ ಸರಿ ಕಾಣೋದಿಲ್ಲ. ಫೋನ್ ಕಳೆದರೆ ಹೋಗೋದು ಅವರ ಗುರುತು. "ಇಟ್ಕೊಳ್ಳಲೇನು?" ಅಂತ ಕೇಳೋಕೆ ಅರ್ಧ ನಿಮಿಷ ಸಾಕು. ಬ್ಯಾಡ ಅಂದ್ರೆ ಟ್ರ್ಯಾಶ್‌ನಿಂದಲೂ ತೆಗೀಬೇಕು.