ಶಸ್ತ್ರದಿಂದ ಬಂದ ಅವಮೌದರ್ಯ

ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ಅನಶನವು ಮೊದಲನೆಯದು, ಅವಮೌದರ್ಯವು ಎರಡನೆಯದು. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದೂ ಸ್ತ್ರೀಯ ಪೂರ್ಣಾಹಾರವನ್ನು 28 ತುತ್ತುಗಳೆಂದೂ ನಮ್ಮ ಆಚಾರಗ್ರಂಥಗಳು ಎಣಿಸಿವೆ. ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅವಮೌದರ್ಯದ ಆರಂಭವಾಯಿತು. ಇದು ಉಪವಾಸಕ್ಕಿಂತ ಸುಲಭವೆಂದು ತಿಳಿಯುವವರುಂಟು. ಆದರೆ ಬಡಿಸುವವರು ಇನ್ನೂ ಎದುರಿಗೆ ನಿಂತಿರುವಾಗ ಎಲೆಯ ಮುಂದಿನಿಂದ ಏಳುವುದು ಎಷ್ಟು ಕಠಿಣವೆಂಬುದನ್ನು ಆಚರಿಸಿದವರೇ ಬಲ್ಲರು.

ಬಾಳ್ಳುಪೇಟೆಯ ಸಮೀಪದಲ್ಲಿ ಕಾಫಿ ತೋಟ ಮಾಡಿಕೊಂಡಿರುವ ನನ್ನ ತಮ್ಮನ ಮಗನೂ ಆತನ ಪತ್ನಿಯೂ ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಬಂದಿದ್ದರು. ಇಬ್ಬರದೂ ಅತಿ ಸ್ಥೂಲಕಾಯ. ಆತನಿಗೆ ಸಕ್ಕರೆ ಕಾಯಿಲೆ. ಆಕೆಗೆ ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಇಬ್ಬರೂ ಮಾಡಿಸಿಕೊಳ್ಳುವುದೆಂದು ನಿಶ್ಚಯಿಸಿದ್ದರು. ಒಬ್ಬರು ಮಲಗಿದಾಗ ಇನ್ನೊಬ್ಬರು ಆರೈಕೆ ಮಾಡಬೇಕಷ್ಟೆ. ಆದುದರಿಂದ ಮೊದಲು ಆತ, ಎರಡು ತಿಂಗಳ ನಂತರ ಆಕೆ. ಹೊರಡುವ ಮುನ್ನ ಆಕೆ ಕೇಳಿದಳು: "ಮಾವಾ, ಇನ್ನು ನಾವು ಉಣ್ಣುವುದು ನಾಲ್ಕೇ ತುತ್ತು. ಇದು ಅವಮೌದರ್ಯವಾಗುವುದೇ? ನನ್ನ ಚತುರ್ದಶಿಯ ಉಪವಾಸದ ಗತಿಯೇನು?"

ನಾನು ಒರಟಾಗಿ ನುಡಿದೆನು: "ಬಾಯಿಗೆ ಬೀಗ ಹಾಕಲಾರದವರು ಹೊಟ್ಟೆಯನ್ನು ಕೊಯ್ಯಿಸಿಕೊಳ್ಳುವುದೇ?" ಆಕೆ ತಲೆ ತಗ್ಗಿಸಿದಳು, ಮರುಮಾತಾಡಲಿಲ್ಲ. ಆ ಮೌನವು ನನ್ನನ್ನು ಇಂದಿಗೂ ಬಾಧಿಸುತ್ತಿದೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅವರಿಗಾದ ಚಿಕಿತ್ಸೆಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂದು ಹೆಸರು. ಜಠರದ ಶೇಕಡ 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಕಾಯಿಯಾಕಾರದ ಕೊಳವೆಯಾಗಿ ಮಾಡುತ್ತಾರೆ. ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ರಸವನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಕತ್ತರಿಸಿ ತೆಗೆಯುವ ಆ ಭಾಗದಲ್ಲಿಯೇ. ಪಥ್ಯದಿಂದ ಮಾತ್ರ ತೂಕ ಇಳಿಸಿದವರಲ್ಲಿ ಈ ರಸವು ಏರಿ ಹಸಿವೆಯನ್ನು ಕೆರಳಿಸುತ್ತದೆ. ಇಳಿದ ತೂಕವನ್ನು ಮರಳಿ ಪಡೆಯಲು ದೇಹವೇ ಹೋರಾಡುತ್ತದೆಂಬುದು ಇದರ ಅರ್ಥ.

ಇದನ್ನು ತಿಳಿದಾಗ ನನಗೆ ನಾಚಿಕೆಯಾಯಿತು. ಹಸಿವೆಯು ವೇದನೀಯ ಕರ್ಮದ ಉದಯದಿಂದ ಬರುವುದೆಂದು ನಾನೇ ಮಕ್ಕಳಿಗೆ ಬೋಧಿಸಿದ್ದೆನು. ಕರ್ಮದ ಉದಯವು ಎಲ್ಲರಿಗೂ ಸಮನಲ್ಲವೆಂದ ಮೇಲೆ ಹಸಿವೆಯು ಹೇಗೆ ಸಮನಾದೀತು? ಅರವತ್ತು ದಾಟಿದ ನನಗೆ ಹಸಿವೆಯೇ ಮಂದ. ಅಷ್ಟಮಿಯ ಉಪವಾಸವನ್ನು ಬಳಲದೆ ಕಳೆದು, ಅದನ್ನು ನನ್ನ ಸಂಯಮವೆಂದು ಬೀಗುತ್ತಿದ್ದೆನು. ಅವರ ಹಸಿವೆಯನ್ನು ಶಸ್ತ್ರವು ತಗ್ಗಿಸಿದರೆ, ನನ್ನದನ್ನು ಮುಪ್ಪು ತಗ್ಗಿಸಿತ್ತು. ಭೇದವೆಲ್ಲಿ? ಹೊಟ್ಟೆ ಬರಿದಾಗಿದ್ದರೂ ಮಾನಕಷಾಯವು ನನ್ನೊಳಗೆ ತುಂಬಿತ್ತು.

ಇನ್ನು ಮೊದಲನೆಯ ಪ್ರಶ್ನೆ. ಸೆರೆಯಲ್ಲಿರುವವನು ಅನಿವಾರ್ಯವಾಗಿ ಹಸಿವೆ ಬಾಯಾರಿಕೆಗಳನ್ನು ಸಹಿಸುವುದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅಕಾಮನಿರ್ಜರೆಗೆ ಉದಾಹರಣೆಯಾಗಿ ಹೇಳಿದ್ದಾರೆ. ಜಠರದಲ್ಲಿ ಸ್ಥಳವಿಲ್ಲದುದರಿಂದ ನಾಲ್ಕು ತುತ್ತಿಗೆ ನಿಲ್ಲಿಸುವುದೂ ಅದರಂತೆಯೇ; ಅದು ವ್ರತವಲ್ಲ. ಹಾಗೆಂದು ಪಾಪವೂ ಅಲ್ಲ. ಅದು ರೋಗಕ್ಕೆ ಮಾಡಿದ ಚಿಕಿತ್ಸೆ. ಆದರೆ ಶಸ್ತ್ರವು ಜಠರವನ್ನು ಮುಟ್ಟಿತೇ ಹೊರತು ನಾಲಗೆಯನ್ನು ಮುಟ್ಟಲಿಲ್ಲ. ಪಾನಕ, ಐಸ್‌ಕ್ರೀಮು, ಬಾಯಲ್ಲಿ ಕರಗುವ ಸಿಹಿಗಳು ಆ ಕಿರಿದಾದ ಕೊಳವೆಯಲ್ಲಿಯೂ ಸಲೀಸಾಗಿ ಇಳಿಯುತ್ತವೆ. ಕೆಲವರಿಗೆ ತೂಕವು ಮರಳಿ ಬರುವುದುಂಟು. ಒಳಗೆ ಸ್ಥಳವಿದ್ದೂ, ಕೈಗೆ ನಿಲುಕಿದ್ದೂ, ಬೇಡವೆಂದು ಬಿಟ್ಟ ತುತ್ತೊಂದಿದೆಯಲ್ಲ, ವ್ರತವು ಆರಂಭವಾಗುವುದು ಅಲ್ಲಿಂದ. ರಸಪರಿತ್ಯಾಗಕ್ಕೆ ಅವರ ಮುಂದೆ ಅವಕಾಶವು ವಿಶಾಲವಾಗಿಯೇ ಇದೆ.

ಎರಡನೆಯ ಪ್ರಶ್ನೆ ಉಪವಾಸದ್ದು. ಈ ಚಿಕಿತ್ಸೆಯಾದವರು ಒಮ್ಮೆಗೆ ಹೆಚ್ಚು ನೀರು ಕುಡಿಯಲಾರರು. ದಿನವಿಡೀ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಆಹಾರವನ್ನೂ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತೆಗೆದುಕೊಳ್ಳಬೇಕು. ಮೊದಲ ತಿಂಗಳುಗಳಲ್ಲಿ ನಿರ್ಜಲ ಉಪವಾಸವೂ ಏಕಭುಕ್ತವೂ ಅಪಾಯಕರ. ಯಥಾಶಕ್ತಿ ತ್ಯಾಗ, ಯಥಾಶಕ್ತಿ ತಪಸ್ಸು ಎಂಬುದು ಷೋಡಶಭಾವನೆಗಳಲ್ಲಿಯೇ ಸೇರಿದೆ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಮೀರುವುದೂ ಹಾಗೆಯೇ ದೋಷ. ಆದುದರಿಂದ ವ್ರತ ಹಿಡಿದವರು ಚಿಕಿತ್ಸೆಗೆ ಮುನ್ನವೇ ಗುರುಗಳಲ್ಲಿ ನಿವೇದಿಸಿ, ಚತುರ್ದಶಿಯಂದು ಸಾಮಾಯಿಕ, ಸ್ವಾಧ್ಯಾಯ, ಒಂದು ರಸದ ತ್ಯಾಗ ಇವುಗಳನ್ನು ಸ್ವೀಕರಿಸುವುದು ಉಚಿತ. ರಾತ್ರಿಭೋಜನ ತ್ಯಾಗಕ್ಕೆ ಊಟದಿಂದ ಅಡ್ಡಿಯಿಲ್ಲ. ಸಣ್ಣ ಊಟಗಳನ್ನೆಲ್ಲ ಸೂರ್ಯಾಸ್ತದೊಳಗೆ ಹೊಂದಿಸಬಹುದು. ರಾತ್ರಿ ನೀರನ್ನೂ ಬಿಟ್ಟವರು ಮಾತ್ರ ವೈದ್ಯರ ಮಾತನ್ನು ಕೇಳಿಯೇ ನಡೆಯಬೇಕು. ಜೀವಸತ್ತ್ವದ ಔಷಧಿಗಳು ಜೀವನಪರ್ಯಂತ ಬೇಕು. ಕ್ಯಾಪ್ಸೂಲಿನ ಹೊದಿಕೆಯ ಜೆಲಟಿನ್ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮೂಳೆಗಳಿಂದ ಬರುವುದರಿಂದ, ಸಸ್ಯಜನ್ಯ ಹೊದಿಕೆಯದನ್ನೋ ಮಾತ್ರೆಯನ್ನೋ ಮೊದಲೇ ಕೇಳಿ ಪಡೆಯಬೇಕು.

ದಂಪತಿಗಳಿಗೆ ಇನ್ನೊಂದು ಮಾತು. ಇಬ್ಬರೂ ಒಂದೇ ದಾರಿ ಹಿಡಿದಾಗ ತಕ್ಕಡಿಯು ಮನೆಯೊಳಗೆ ಬರುತ್ತದೆ. ಯಾರಿಗೆ ಎಷ್ಟು ಕಿಲೋ ಇಳಿಯಿತೆಂಬ ಸ್ಪರ್ಧೆ ಹುಟ್ಟಿದರೆ ಅದೂ ಮಾನವೇ. ಪರಸ್ಪರ ಸಾಕ್ಷಿಗಳಾಗಿರಲಿ, ಕಾವಲುಗಾರರಾಗುವುದು ಬೇಡ.

ಆಕೆ ಆಸ್ಪತ್ರೆಯಿಂದ ಬಂದ ವಾರ ನಾನು ನೋಡಲು ಹೋಗಿದ್ದೆನು. ತಾನೇ ಇನ್ನೂ ಪೂರ್ಣ ಚೇತರಿಸಿಕೊಳ್ಳದ ಆತನು ನೀರನ್ನು ಸೋಸಿ, ಕಾಯಿಸಿ, ಆರಿಸಿ, ಚಮಚದಿಂದ ಆಕೆಗೆ ಕುಡಿಸುತ್ತಿದ್ದನು. ಅವಮೌದರ್ಯವು ಬಾಹ್ಯ ತಪಸ್ಸು. ಸೇವೆಯ ರೂಪದ ವೈಯಾವೃತ್ಯವು ಅಂತರಂಗ ತಪಸ್ಸು. ಅದು ಮುಖ್ಯವಾಗಿ ಮುನಿಜನರ ಸೇವೆಯನ್ನು ಕುರಿತದ್ದು, ನಿಜ; ಆದರೂ ಅದರ ಬೀಜವನ್ನು ನಾನು ಆ ಕೋಣೆಯಲ್ಲಿ ಕಂಡೆನು. ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು ಪ್ರಾಯಶ್ಚಿತ್ತ. ಅದು ನನ್ನ ಪಾಲಿನದು. ಅಂದು ಆಡಿದ ಮಾತಿಗಾಗಿ ಇಬ್ಬರಲ್ಲಿಯೂ ಕ್ಷಮೆ ಕೇಳಿ ಹಿಂದಿರುಗಿದೆನು.